ಮರ ಹೋಯ್ತು, ಗುಂಡಿ ಉಳಿಯಿತು

ಕಟ್ಟಡ ಶುರುವಾಗುವ ಮೊದಲು ಜಾಗ ತೆರವು ಮಾಡಿಕೊಡುವುದು ನನ್ನ ಕೆಲಸ. ಒಮ್ಮೆ ಮರಗಿಡ ತುಂಬಿದ ಜಾಗ, ಇನ್ನೊಮ್ಮೆ ಮೊನ್ನೆ ಮೊನ್ನೆವರೆಗೆ ಉಳುಮೆ ನಡೆದ ಹೊಲ. ಮಾಲೀಕರು ಸೈಟಿಗೆ ಬಂದ ಕೂಡಲೇ ಕೇಳುವುದು ಒಂದೇ ಪ್ರಶ್ನೆ, "ಇವತ್ತು ಎಷ್ಟು ಮರ ತೆಗೆದ್ರಿ?" ಸಂಜೆಗೆ ಜಾಗ ಬಯಲಾಗಿ ಕಂಡರೆ ಅವರಿಗೆ ಸಮಾಧಾನ. ತಪ್ಪೇನಿಲ್ಲ, ದುಡ್ಡು ಹಾಕಿದವರಿಗೆ ಕಣ್ಣಿಗೆ ಏನಾದರೂ ಕಾಣಬೇಕು ಅಲ್ವಾ. ನಾನು ಮಾತ್ರ ಮರ ಎಣಿಸುವುದಿಲ್ಲ, ಗುಂಡಿ ಎಣಿಸುತ್ತೇನೆ.

ಯಾಕೆ ಅಂದರೆ, ದೊಡ್ಡ ಮರದ ಬೊಡ್ಡೆ ಕಿತ್ತರೆ ಅದರ ಜೊತೆ ಬುಡದ ಮಣ್ಣೂ ಎದ್ದು ಬರುತ್ತದೆ. ಎರಡು ಮೂರು ಮೀಟರ್ ಅಗಲ, ಒಂದು ಮೀಟರಿಗೂ ಜಾಸ್ತಿ ಆಳದ ಗುಂಡಿ ಸಾಮಾನ್ಯ. ಹಿಟಾಚಿ, ಅಂದರೆ ಮಣ್ಣು ಅಗೆಯುವ ಯಂತ್ರದ ಆಪರೇಟರ್ ಪಕ್ಕದ ಸಡಿಲ ಮಣ್ಣನ್ನು ಅದರ ಬಕೆಟ್‌ನಿಂದ ಒಳಗೆ ತಳ್ಳಿ, ಮೇಲೆ ಎರಡು ಏಟು ತಟ್ಟಿ, ಮುಂದಿನ ಮರಕ್ಕೆ ಹೋಗುತ್ತಾನೆ. ನೋಡಲು ಜಾಗ ಚೊಕ್ಕಟ. ಒಳಗೆ ಇರುವುದು ಹುಡಿ ಮಣ್ಣು, ಎಲೆ, ಮುರಿದ ಬೇರು, ಗಾಳಿ. ಬಕೆಟ್ ಏಟು ಮೇಲಿನ ಪದರಕ್ಕೆ ಮಾತ್ರ ತಾಗುತ್ತದೆ, ಕೆಳಗಿನದು ಹಾಗೇ ಸಡಿಲ. ಮಳೆ ಬಂದಾಗ ಆ ಮಣ್ಣು ತಾನಾಗಿ ಕೂರುತ್ತದೆ. ಬೇರು ಕೊಳೆತಾಗ ಇನ್ನೊಮ್ಮೆ ಕೂರುತ್ತದೆ. ಅಷ್ಟರಲ್ಲಿ ಮೇಲೆ ಕಾಂಕ್ರೀಟ್ ನೆಲ ಹಾಸಿ ಗೋಡೆ ಎದ್ದಿದ್ದರೆ ಎರಡೂ ಬಿರುಕು ಬಿಡುತ್ತವೆ. ಆಗ ಬೈಸಿಕೊಳ್ಳುವವರು ಗಾರೆ ಕೆಲಸದವರು. ಗುಂಡಿ ಮುಚ್ಚಿದವರು ಅಷ್ಟು ಹೊತ್ತಿಗೆ ಬೇರೆ ಸೈಟಿನಲ್ಲಿ ಇರುತ್ತಾರೆ.

ಬೊಡ್ಡೆ ಕೀಳುವುದರಲ್ಲೇ ಅರ್ಧ ಜಾಣತನ ಇದೆ. ಮರವನ್ನು ನೆಲಮಟ್ಟಕ್ಕೆ ಕೊಯ್ದುಬಿಟ್ಟರೆ ಹಿಟಾಚಿಗೆ ಹಿಡಿಯಲು ಏನೂ ಸಿಗುವುದಿಲ್ಲ, ಸುತ್ತ ಅಗೆದು ಅಗೆದು ಗುಂಡಿ ಇಮ್ಮಡಿ ಆಗುತ್ತದೆ. ಅದಕ್ಕೇ ಎದೆಮಟ್ಟದ ಮೋಟು ಬಿಟ್ಟು ಕೊಯ್ಯಬೇಕು. ಮೊದಲು ಸುತ್ತಲಿನ ಬೇರು ಕತ್ತರಿಸಿ, ಆಮೇಲೆ ಮೋಟಿನ ತುದಿಯನ್ನು ತಳ್ಳಿದರೆ ಅದೇ ಮೀಟುಗೋಲಾಗುತ್ತದೆ. ಹೆಚ್ಚಿನ ಮರಗಳ ಬಹುಪಾಲು ಬೇರು ಮೇಲಿನ 60 ಸೆಂಟಿಮೀಟರ್ ಮಣ್ಣಿನಲ್ಲೇ ಇರುತ್ತದೆ, ಆದರೆ ಕೊಂಬೆ ಹರಡಿದ್ದಕ್ಕಿಂತ ತುಂಬಾ ದೂರ ಹೋಗಿರುತ್ತದೆ. ಹಾಗಾಗಿ ಬೊಡ್ಡೆ ಬಂತು ಅಂದರೆ ಬೇರೂ ಬಂತು ಅಂತ ಅಲ್ಲ. ಕಟ್ಟಡ ಬರುವ ಜಾಗದಲ್ಲಿ ಹೆಬ್ಬೆರಳಿಗಿಂತ ದಪ್ಪದ ಬೇರು ಕಂಡರೆ ಜನ ಬಿಟ್ಟು ಆರಿಸಿಸುತ್ತೇನೆ. ಬೇಜಾರಿನ ಕೆಲಸ, ಫೋಟೋಗೂ ಚೆಂದ ಕಾಣಲ್ಲ.

ಬೊಡ್ಡೆಯನ್ನು ಮೆಷಿನ್‌ನಲ್ಲಿ ಉಜ್ಜಿ ಪುಡಿ ಮಾಡುವುದೂ ಉಂಟು. ಹುಲ್ಲುಹಾಸು ಬರುವ ಕಡೆ, ತೋಟದ ಕಡೆ ಅದು ಸರಿ. ಆದರೆ ಅದು ಮೇಲಿನ ಸ್ವಲ್ಪ ಭಾಗವನ್ನು ಮಾತ್ರ ತೆಗೆಯುತ್ತದೆ. ಕೆಳಗಿನ ಬೇರು ಹಾಗೇ ಉಳಿದು ವರ್ಷಗಟ್ಟಲೆ ಕೊಳೆಯುತ್ತದೆ, ಗೆದ್ದಲನ್ನೂ ಕರೆಯುತ್ತದೆ. ಪಾಯದ ಕೆಳಗೆ, ರಸ್ತೆಯ ಕೆಳಗೆ ಅದು ಬೇಡವೇ ಬೇಡ.

ಈಗ ಗುಂಡಿ ತುಂಬುವ ವಿಷಯ. "ಗುಂಡಿಯಿಂದ ಬಂದ ಮಣ್ಣನ್ನೇ ಗುಂಡಿಗೆ ಹಾಕಿ, ಸಾಕಾಗುತ್ತೆ" ಅಂತ ಎಲ್ಲರೂ ಹೇಳುತ್ತಾರೆ. ಸಾಕಾದ ಹಾಗೆ ಕಾಣುವುದೂ ನಿಜ, ಯಾಕೆಂದರೆ ಅಗೆದ ಮಣ್ಣು ಉಬ್ಬುತ್ತದೆ. ಮಾಮೂಲಿ ಮಣ್ಣು ನೂರಕ್ಕೆ 20ರಿಂದ 30ರಷ್ಟು ಜಾಸ್ತಿ ಜಾಗ ತುಂಬುತ್ತದೆ. ಗುಂಡಿ ಅಂಚಿನವರೆಗೆ ತುಂಬಿತು ಅಂದರೆ ಅರ್ಥ ಅದರಲ್ಲಿ ಗಾಳಿ ಇದೆ ಅಂತ. ಸರಿಯಾಗಿ ಗಟ್ಟಿ ಮಾಡಿದರೆ ಬೊಡ್ಡೆ ಇದ್ದಷ್ಟು ಜಾಗ ಖಾಲಿ ಉಳಿಯಲೇಬೇಕು, ಹೊರಗಿನ ಮಣ್ಣು ತರಲೇಬೇಕು. ಹೊರಗಿನಿಂದ ಒಂದು ಲೋಡೂ ಮಣ್ಣು ಬಂದಿಲ್ಲ, ಆದರೂ ಎಲ್ಲ ಗುಂಡಿ ತುಂಬಿದೆ ಅಂದರೆ ನನಗೆ ಅಲ್ಲೇ ಅನುಮಾನ ಶುರು.

ನಾವು ಮಾಡುವುದು ಹೀಗೆ. ಮೊದಲು ಗುಂಡಿಯ ತಳದಲ್ಲಿರುವ ಹುಡಿ ಮಣ್ಣು, ಬೇರು, ನೀರು ಎಲ್ಲ ತೆಗೆದು ಗಟ್ಟಿ ನೆಲ ಕಾಣಿಸಬೇಕು. ಆಮೇಲೆ ಗುಂಡಿಯನ್ನು ಇನ್ನೂ ದೊಡ್ಡದು ಮಾಡುತ್ತೇವೆ. ಕೇಳಿದವರು ನಗುತ್ತಾರೆ. ಆದರೆ ಕಿರಿದಾದ, ನೆಟ್ಟಗಿನ ಗೋಡೆಯ ಗುಂಡಿಯೊಳಗೆ ರೋಲರ್ ಹೋಗುವುದಿಲ್ಲ, ಮೂಲೆಗಳು ಗಟ್ಟಿಯಾಗುವುದಿಲ್ಲ. ಅಂಚನ್ನು ಇಳಿಜಾರು ಮಾಡಿ ಅಥವಾ ಮೆಟ್ಟಿಲು ಮೆಟ್ಟಿಲಾಗಿ ಕಡಿದರೆ ಹೊಸ ಮಣ್ಣು ಹಳೆ ಮಣ್ಣನ್ನು ಕಚ್ಚಿಕೊಳ್ಳುತ್ತದೆ. ಆಮೇಲೆ ಪದರ ಪದರವಾಗಿ ತುಂಬುವುದು. ಕೈಯಲ್ಲಿ ನಡೆಸುವ ಸಣ್ಣ ಮೆಷಿನ್ ಆದರೆ ಸಡಿಲ ಮಣ್ಣಿನ ಪದರ 15ರಿಂದ 20 ಸೆಂಟಿಮೀಟರ್, ದೊಡ್ಡ ರೋಲರ್ ಆದರೆ 30 ಸೆಂಟಿಮೀಟರ್ ಮೀರಬಾರದು. ಒಂದು ಪದರ ಗಟ್ಟಿಯಾಗದೆ ಮುಂದಿನದು ಬೀಳಬಾರದು.

ಇಲ್ಲಿ ನೀರಿನ ಹದವೇ ಮುಖ್ಯ. ಒಣ ಮಣ್ಣಿನ ಮೇಲೆ ಎಷ್ಟು ಸಲ ರೋಲರ್ ಓಡಿಸಿದರೂ ಧೂಳೇ. ತೀರಾ ಒದ್ದೆ ಆದರೆ ರೋಲರ್ ಕೆಳಗೆ ಮಣ್ಣು ಮೆತ್ತಗೆ ಅಲುಗುತ್ತದೆ, ಕೂರುವುದೇ ಇಲ್ಲ. ಪ್ರತಿ ಮಣ್ಣಿಗೂ ಅತಿ ಹೆಚ್ಚು ಗಟ್ಟಿಯಾಗುವ ಒಂದು ಹದ ಇರುತ್ತದೆ. ಅದನ್ನು ಲ್ಯಾಬಿನಲ್ಲಿ ಅಳೆಯುವ ದಾರಿ ತೋರಿಸಿದ್ದು ಅಮೆರಿಕದ ಎಂಜಿನಿಯರ್ ಆರ್. ಆರ್. ಪ್ರಾಕ್ಟರ್, 1933ರಲ್ಲಿ. ಇವತ್ತಿಗೂ ಪರೀಕ್ಷೆಗೆ ಅವರದೇ ಹೆಸರು. ಕಾಗದದಲ್ಲಿ "95 ಪರ್ಸೆಂಟ್ ಕಂಪ್ಯಾಕ್ಷನ್" ಅಂತ ಬರೆದಿರುತ್ತಾರಲ್ಲ, ಅದು ಲ್ಯಾಬಿನಲ್ಲಿ ಸಿಕ್ಕ ಅತಿ ಹೆಚ್ಚು ಸಾಂದ್ರತೆಯ ನೂರಕ್ಕೆ 95 ಭಾಗ. ಸೈಟಿನಲ್ಲಿ ಲ್ಯಾಬ್ ರಿಪೋರ್ಟಿಗೆ ಕಾಯುವಾಗ ಕೈಯೇ ಗತಿ. ಒಂದು ಹಿಡಿ ಮಣ್ಣು ತಗೊಂಡು ಬಿಗಿಯಾಗಿ ಹಿಸುಕಿ ಕೈ ಬಿಚ್ಚಿ. ಉಂಡೆ ನಿಲ್ಲದೆ ಉದುರಿದರೆ ನೀರು ಸಾಲದು. ಅಂಗೈಗೆ ಕೆಸರು ಅಂಟಿದರೆ ನೀರು ಜಾಸ್ತಿ. ಉಂಡೆ ನಿಂತು, ಎರಡು ಬೆರಳಲ್ಲಿ ಒತ್ತಿದಾಗ ಎರಡು ಮೂರು ಹೋಳಾಗಿ ಒಡೆದರೆ ರೋಲರ್ ತರಿಸಿ. ಹೊಸದಾಗಿ ಸೇರಿದ ಹುಡುಗರಿಗೆ ಮೊದಲು ಕಲಿಸುವುದು ಇದನ್ನೇ. ಕೈ ಕೊಳೆ ಮಾಡಿಕೊಳ್ಳಲು ಹಿಂಜರಿಯುವವನು ಈ ಕೆಲಸಕ್ಕೆ ಆಗಲ್ಲ.

ಜೇಡಿ ಮಣ್ಣಿನ ಜಾಗ ಆದರೆ ಗುಂಡಿ ತುಂಬಿದ ಮೇಲೂ ಕತೆ ಮುಗಿಯುವುದಿಲ್ಲ. ದೊಡ್ಡ ಮರ ಬದುಕಿದ್ದಷ್ಟು ಕಾಲ ಸುತ್ತಲಿನ ಮಣ್ಣಿನಿಂದ ನೀರು ಹೀರುತ್ತಿತ್ತು. ಹಿಗ್ಗುವ ಕುಗ್ಗುವ ಗುಣದ ಜೇಡಿ ಆ ನೀರಿಲ್ಲದೆ ಕುಗ್ಗಿ ಕೂತಿರುತ್ತದೆ. ಮರ ಹೋದ ಮೇಲೆ ನೀರು ನಿಧಾನವಾಗಿ ವಾಪಸ್ ಬರುತ್ತದೆ, ಮಣ್ಣು ಹಿಗ್ಗುತ್ತದೆ, ನೆಲ ಮೇಲೆ ಏಳುತ್ತದೆ. ತಿಂಗಳುಗಳಲ್ಲ, ಕೆಲವು ಕಡೆ ವರ್ಷಗಳೇ ಹಿಡಿಯುತ್ತವೆ. ಅಂದರೆ ಒಂದೇ ಮರ ಒಂದು ಕಡೆ ನೆಲ ಕುಸಿಯುವಂತೆಯೂ ಮಾಡಬಹುದು, ಪಕ್ಕದಲ್ಲೇ ನೆಲ ಉಬ್ಬುವಂತೆಯೂ ಮಾಡಬಹುದು. ಇದನ್ನು ನಾನು ಬಗೆಹರಿಸಲಾರೆ, ಪಾಯದ ವಿನ್ಯಾಸ ಮಾಡುವ ಎಂಜಿನಿಯರ್ ಬಗೆಹರಿಸಬೇಕು. ಆದರೆ ಮರ ಎಲ್ಲಿತ್ತು, ಎಷ್ಟು ದೊಡ್ಡದಿತ್ತು ಅಂತ ಅವರಿಗೆ ಹೇಳುವವನು ನಾನೇ. ಅವರು ಬಂದು ನೋಡುವಾಗ ಅಲ್ಲಿ ಮರವೇ ಇರುವುದಿಲ್ಲವಲ್ಲ. ಅದಕ್ಕೇ ಮರ ಕಡಿಯುವ ಮುಂಚೆ ಪ್ರತಿ ದೊಡ್ಡ ಮರಕ್ಕೂ ನಂಬರ್ ಹಾಕಿ, ಸುತ್ತಳತೆ ಬರೆದು, ನಕ್ಷೆಯಲ್ಲಿ ಗುರುತು ಮಾಡಿಸುತ್ತೇನೆ. ಕಡಿಯಲು ಅನುಮತಿ ಕೇಳುವಾಗ ಹೇಗೂ ಈ ಪಟ್ಟಿ ಬೇಕಾಗುತ್ತದೆ.

ಹೊಲದ ಜಾಗ ಸುಲಭ ಅಂತ ಅಂದುಕೊಳ್ಳುವವರೇ ಜಾಸ್ತಿ. ಮರ ಇಲ್ಲ, ಬೊಡ್ಡೆ ಇಲ್ಲ, ಎರಡು ದಿನದ ಕೆಲಸ ಅಂತ ಲೆಕ್ಕ. ನನಗೆ ಹೊಲದ್ದೇ ಹೆಚ್ಚು ಭಯ. ಕಾಡಿನ ಜಾಗದಲ್ಲಿ ಗುಂಡಿಗಳನ್ನು ನಾವೇ ಮಾಡಿರುತ್ತೇವೆ, ಎಲ್ಲಿವೆ ಅಂತ ಗೊತ್ತಿರುತ್ತದೆ. ಹೊಲದಲ್ಲಿ ಗುಂಡಿಗಳನ್ನು ಯಾರೋ ಎಂದೋ ಮುಚ್ಚಿ, ಮೇಲೆ ಬೆಳೆ ಬೆಳೆದಿರುತ್ತಾರೆ. ಹಳೆ ಬಾವಿ, ಹೂತುಹೋದ ಕಾಲುವೆ, ಗೊಬ್ಬರದ ಗುಂಡಿ, ಸಣ್ಣ ಹೊಂಡ. ಬೇಸಿಗೆಯಲ್ಲೂ ಒಂದು ಗೆರೆಯುದ್ದಕ್ಕೆ ಹುಲ್ಲು ಹಸಿರಾಗಿದ್ದರೆ ಕೆಳಗೆ ನೀರಿನ ದಾರಿ ಇದೆ ಅಂತಲೇ ಲೆಕ್ಕ. ಗೂಗಲ್ ಅರ್ಥ್‌ನಲ್ಲಿ ಹಿಂದಿನ ವರ್ಷಗಳ ಚಿತ್ರ ನೋಡಬಹುದು, ಎಷ್ಟೋ ಸಲ ಮುಚ್ಚಿದ ಹೊಂಡ ಅಲ್ಲಿ ಕಣ್ಣಿಗೆ ಬೀಳುತ್ತದೆ. ಎಲ್ಲಕ್ಕಿಂತ ನಂಬಿಕಸ್ಥ ದಾರಿ, ಆ ಹೊಲ ಉತ್ತವರನ್ನು ಕೇಳುವುದು. ಟ್ರ್ಯಾಕ್ಟರ್ ಎಲ್ಲಿ ಹೂತುಕೊಳ್ಳುತ್ತಿತ್ತು ಅಂತ ಅವರಿಗೆ ಬಾಯಿಪಾಠ ಇರುತ್ತದೆ. ಮಾರಿದವರನ್ನೂ ಕೊಂಡವರನ್ನೂ ಎಲ್ಲರೂ ಕೇಳುತ್ತಾರೆ, ಉತ್ತವರನ್ನು ಯಾರೂ ಕೇಳಲ್ಲ.

ಹಳೆ ಬಾವಿ ಸಿಕ್ಕರೆ ಅದರೊಳಗೆ ಕಸ, ಕೊಂಬೆ, ಒಡೆದ ಗೋಡೆಯ ಅವಶೇಷ ಸುರಿಯಬೇಡಿ. ಅದು ನೇರ ಅಂತರ್ಜಲಕ್ಕೆ ದಾರಿ. ತಿಳಿದವರನ್ನು ಕರೆಸಿ ಶುದ್ಧವಾದ ಸಾಮಗ್ರಿ ತುಂಬಿಸಿ, ಮೇಲೆ ನೀರು ಇಳಿಯದಂತೆ ಸೀಲ್ ಮಾಡಿಸಿ. ಅದರ ಮೇಲೆ ಕಂಬ ಬರುವುದಾದರೆ ನಕ್ಷೆಯನ್ನೇ ಸ್ವಲ್ಪ ಸರಿಸಲು ಆಗುತ್ತಾ ಅಂತ ಮೊದಲು ಕೇಳಿ.

ಮೇಲ್ಮಣ್ಣಿನ ಬಗ್ಗೆ ಒಂದು ಮಾತು. ಹೊಲವಾಗಲಿ ಕಾಡಾಗಲಿ, ಮೇಲಿನ 10ರಿಂದ 30 ಸೆಂಟಿಮೀಟರ್ ಮಣ್ಣು ಕಟ್ಟಡದ ಕೆಳಗೆ ಇರಕೂಡದು, ಗುಂಡಿಯೊಳಗೂ ಬೀಳಕೂಡದು. ಅದರಲ್ಲಿ ಕೊಳೆಯುವ ವಸ್ತು ತುಂಬಾ. ಹಾಗಂತ ಅದನ್ನು ಟಿಪ್ಪರ್‌ಗೆ ತುಂಬಿ ಹೊರಗೆ ಸಾಗಿಸುವುದು ನೋಡಿದರೆ ಹೊಟ್ಟೆ ಉರಿಯುತ್ತದೆ. ಕಟ್ಟಡ ಮುಗಿದ ಮೇಲೆ ತೋಟಕ್ಕೆ ಅಂತ ಅದನ್ನೇ ದುಡ್ಡು ಕೊಟ್ಟು ತರುತ್ತಾರೆ! ಒಂದು ಮೂಲೆಯಲ್ಲಿ ಎರಡು ಮೀಟರಿಗಿಂತ ಎತ್ತರ ಆಗದಂತೆ ಗುಡ್ಡೆ ಹಾಕಿ, ಮೇಲೆ ವಾಹನ ಓಡಿಸದೆ, ಹುಲ್ಲು ಬಿತ್ತಿ ಬಿಡಿ. ಮಣ್ಣಿನ ಜೀವ ಉಳಿಯುತ್ತದೆ.

ಉಳಿಸಬೇಕಾದ ಮರಗಳೂ ಇರುತ್ತವೆ. ಕಾಂಡಕ್ಕೆ ಗೋಣಿಚೀಲ ಕಟ್ಟಿದರೆ ಮರ ಉಳಿಯಲ್ಲ, ಬೇರು ಉಳಿಸಬೇಕು. ಎದೆಮಟ್ಟದಲ್ಲಿ ಕಾಂಡದ ವ್ಯಾಸ ಅಳೆದು, ಅದರ 12 ಪಟ್ಟು ದೂರಕ್ಕೆ ಸುತ್ತ ಬೇಲಿ ಹಾಕುವುದು ರೂಢಿ. 40 ಸೆಂಟಿಮೀಟರ್ ಕಾಂಡಕ್ಕೆ 4.8 ಮೀಟರ್. ಅದರೊಳಗೆ ಮೆಷಿನ್, ಜಲ್ಲಿ, ಸಿಮೆಂಟ್ ನೀರು ಏನೂ ಬೇಡ. ಮಣ್ಣು ಬಿಗಿದು ಉಸಿರು ಕಟ್ಟಿದ ಮರ ತಕ್ಷಣ ಸಾಯುವುದಿಲ್ಲ, ಕೆಲವು ವರ್ಷ ಬಿಟ್ಟು ತುದಿಯಿಂದ ಒಣಗುತ್ತಾ ಬರುತ್ತದೆ. ಇನ್ನೊಂದು, ಗುಂಪಿನ ಮಧ್ಯೆ ಬೆಳೆದ ಮರಕ್ಕೆ ಒಂಟಿಯಾಗಿ ಗಾಳಿ ತಡೆದು ಅಭ್ಯಾಸ ಇರುವುದಿಲ್ಲ. ಸುತ್ತಲಿನವು ಹೋದ ಮೇಲೆ ಮೊದಲ ಬಿರುಗಾಳಿಗೇ ಉರುಳಬಹುದು. ಉಳಿಸುವುದಾದರೆ ಗುಂಪಾಗಿ ಉಳಿಸಿ.

ಸೌದೆ, ಸೊಪ್ಪು ಹೂಳಬೇಡಿ. ಸುಡುವುದಕ್ಕೆ ಅನುಮತಿ ಇದ್ದರೂ ಬೊಡ್ಡೆಯ ಹತ್ತಿರ ಬೆಂಕಿ ಬೇಡ, ಬೇರಿನೊಳಗೆ ದಿನಗಟ್ಟಲೆ ಕಿಡಿ ಕೂತಿರುತ್ತದೆ. ಜಾಗವನ್ನು ಒಂದು ಬದಿಯಿಂದ ತೆರವು ಮಾಡುತ್ತಾ ಹೋಗಿ, ಹಾವು ಮೊಲಗಳಿಗೆ ಇನ್ನೊಂದು ಬದಿಯಿಂದ ಹೋಗಲು ದಾರಿ ಇರಲಿ. ಮರ ಬೀಳುವಾಗ ಅದರ ಎತ್ತರದ ಎರಡು ಪಟ್ಟು ದೂರದೊಳಗೆ ಕೊಯ್ಯುವವನ ಹೊರತು ಯಾರೂ ಇರಬಾರದು, ಮಾಲೀಕರೂ ಸೇರಿ. ಮಳೆಗಾಲದ ಮುಂಚೆ ಇಡೀ ಜಾಗ ಬೋಳಿಸಿ ಇಡಬೇಡಿ. ಕಟ್ಟುವಷ್ಟು ಭಾಗ ಮಾತ್ರ ಬಿಚ್ಚಿ, ಇಳಿಜಾರಿನ ಕೆಳಗಿನ ಅಂಚಿನಲ್ಲಿ ಹುಲ್ಲು ಪೊದೆಯ ಪಟ್ಟಿ ಹಾಗೇ ಬಿಡಿ. ಇಲ್ಲದಿದ್ದರೆ ನಿಮ್ಮ ಮಣ್ಣು ಪಕ್ಕದವರ ಚರಂಡಿಯಲ್ಲಿ ಇರುತ್ತದೆ.

ಜಾಗ ಒಪ್ಪಿಸುವ ಮುಂಚಿನ ಕೊನೆಯ ಪರೀಕ್ಷೆ ಟಿಪ್ಪರ್‌ನದು. ಪೂರ್ತಿ ಲೋಡ್ ತುಂಬಿದ ಟಿಪ್ಪರನ್ನು ನಡಿಗೆಯ ವೇಗದಲ್ಲಿ ಕಟ್ಟಡದ ಜಾಗದ ಉದ್ದಕ್ಕೂ ಓಡಿಸುವುದು. ನಾನು ಹಿಂದಿನ ಚಕ್ರದ ಪಕ್ಕ ನಡೆಯುತ್ತೇನೆ, ಕಣ್ಣು ಚಕ್ರ ನೆಲ ಮುಟ್ಟುವ ಕಡೆ. ಗಟ್ಟಿ ನೆಲದಲ್ಲಿ ಟೈರಿನ ಅಚ್ಚು ಮಾತ್ರ ಮೂಡುತ್ತದೆ. ಸಡಿಲ ಇದ್ದ ಕಡೆ ಚಕ್ರದ ಮುಂದೆ ಮಣ್ಣು ಅಲೆಯಂತೆ ಏಳುತ್ತದೆ, ಹಿಂದೆ ಮತ್ತೆ ತಗ್ಗುತ್ತದೆ. ಒಂದು ಸೈಟಿನಲ್ಲಿ ನಮಗಿಂತ ಮೊದಲು ಬೇರೆ ತಂಡ ಮರ ತೆಗೆದು ಮಟ್ಟ ಮಾಡಿ ಹೋಗಿತ್ತು. ನೋಡಲು ಆಟದ ಮೈದಾನದ ಹಾಗಿತ್ತು. ಟಿಪ್ಪರ್ ಓಡಿಸಿದರೆ ಹಿಂದಿನ ಚಕ್ರ ಅರ್ಧಕ್ಕೆ ಇಳಿಯಿತು. ಅಗೆದಾಗ ಸಿಕ್ಕಿದ್ದು ತಲೆಕೆಳಗಾಗಿ ಹೂತಿಟ್ಟ ಇಡೀ ಬೊಡ್ಡೆ, ಬೇರು ಸಮೇತ. ಸಾಗಿಸುವ ಖರ್ಚು ಉಳಿಸಲು ಅಲ್ಲೇ ಹೂತಿದ್ದರು.

ಹಾಗೆ ಅಲುಗಿದ ಜಾಗಕ್ಕೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದು ನಕ್ಷೆಗೆ ಹೋಲಿಸುತ್ತೇವೆ. ಬಹುತೇಕ ನಾವು ನಂಬರ್ ಹಾಕಿದ ಯಾವುದೋ ಮರದ ಗುಂಡಿಯೇ ಆಗಿರುತ್ತದೆ, ಬಿಚ್ಚಿ ಮತ್ತೆ ಪದರ ಹಾಕಿದರೆ ಆಯಿತು. ನಕ್ಷೆಯಲ್ಲಿ ಏನೂ ಇಲ್ಲದ ಕಡೆ ನೆಲ ಅಲುಗಿದರೆ ಮಾತ್ರ ಆ ದಿನ ರೋಲರ್ ನಿಲ್ಲಿಸಿ ಹಿಟಾಚಿ ಕರೆಸುತ್ತೇನೆ, ಮಾಲೀಕರು ಎಷ್ಟೇ ಅವಸರ ಮಾಡಿದರೂ.