ಭಾರಿ ಯಂತ್ರವನ್ನು ಕಟ್ಟಡದಿಂದ ಹೊರಗೆ ಸಾಗಿಸುವ ಮುನ್ನ

ಹಳೆಯ ಚಿಲ್ಲರ್ (ಹವಾನಿಯಂತ್ರಣಕ್ಕೆ ನೀರು ತಂಪು ಮಾಡುವ ಯಂತ್ರ) ಅಥವಾ ಜನರೇಟರನ್ನು ವಾಣಿಜ್ಯ ಕಟ್ಟಡದಿಂದ ತೆಗೆಯುವುದೆಂದರೆ, ಅದನ್ನು ಕೂರಿಸಿದ ಕ್ರಮವನ್ನೇ ಹಿಂದುಮುಂದಾಗಿ ಮಾಡುವುದು ಎಂದು ಕೆಲಸ ಒಪ್ಪಿಸುವವರು ಭಾವಿಸುವುದುಂಟು. ಈ ಭಾವನೆಯನ್ನು ನಾನು ಒಪ್ಪುವುದಿಲ್ಲ. ಯಂತ್ರ ಬಂದ ದಿನ ಅದರ ತೂಕ ಕಾಗದದಲ್ಲಿತ್ತು, ದಾರಿ ತೆರವಾಗಿತ್ತು. ಹೋಗುವ ಹೊತ್ತಿಗೆ ಸುತ್ತ ಗೋಡೆ ಎದ್ದಿರುತ್ತದೆ, ಪೈಪುಗಳು ಅಡ್ಡ ಬಂದಿರುತ್ತವೆ, ಮೋಟಾರು ಬದಲಾಗಿರುತ್ತದೆ, ಹೊಟ್ಟೆಯೊಳಗೆ ನೀರೋ ಎಣ್ಣೆಯೋ ಉಳಿದಿರುತ್ತದೆ.

ಆದ್ದರಿಂದ ನಾಮಫಲಕದ ತೂಕವನ್ನು ಕಣ್ಣು ಮುಚ್ಚಿ ನಂಬಬಾರದು. 1,000 ಲೀಟರ್ ನೀರು ಸುಮಾರು 1 ಟನ್ ತೂಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಯಂತ್ರ ವಾಲಿದಾಗ ಆ ನೀರು ತಗ್ಗಿನ ಕಡೆಗೆ ಸರಿದು ಗುರುತ್ವ ಕೇಂದ್ರವನ್ನೂ ತನ್ನೊಡನೆ ಎಳೆದೊಯ್ಯುತ್ತದೆ. ಮೊದಲು ವಿದ್ಯುತ್ ಸಂಪರ್ಕ ಕಡಿದು ಬೀಗ ಹಾಕಬೇಕು, ಕೊಳವೆಗಳ ಒತ್ತಡ ಇಳಿಸಬೇಕು, ಶೀತಕ ಅನಿಲವನ್ನು ಗಾಳಿಗೆ ಬಿಡದೆ ಸಿಲಿಂಡರಿಗೆ ತುಂಬಿಸಿಕೊಳ್ಳಬೇಕು. ಎತ್ತುವ ಮಾತು ಆಮೇಲಿನದು.

ಭಾರವನ್ನು ಕ್ರೇನಿನ ಕೊಕ್ಕೆಗೆ ತೂಗುಹಾಕುವ ಹಗ್ಗ ಅಥವಾ ಸರಪಳಿಯೇ ಸ್ಲಿಂಗ್; ಅದರ ಕೋನದ ವಿಷಯದಲ್ಲಿ ಅಂದಾಜು ನಡೆಯದು. 10 ಟನ್ ಭಾರವನ್ನು ಎರಡು ಕಾಲಿನ ಸ್ಲಿಂಗ್‌ನಲ್ಲಿ ಸಮವಾಗಿ ಎತ್ತುವಾಗ, ಕಾಲುಗಳು ನೆಟ್ಟಗಿದ್ದರೆ ಒಂದೊಂದಕ್ಕೆ 5 ಟನ್ ಬೀಳುತ್ತದೆ. ಅಡ್ಡರೇಖೆಯಿಂದ ಅಳೆದ ಕೋನ 60 ಡಿಗ್ರಿಯಾದರೆ ಅದು ಸುಮಾರು 5.8 ಟನ್, 45 ಡಿಗ್ರಿಯಲ್ಲಿ ಸುಮಾರು 7.1 ಟನ್, 30 ಡಿಗ್ರಿಯಲ್ಲಿ ಒಂದೊಂದು ಕಾಲಿಗೂ ಪೂರ್ತಿ 10 ಟನ್. ಚಾವಣಿ ತಗ್ಗೆಂದು ಚಿಕ್ಕ ಸ್ಲಿಂಗ್ ಹಾಕುವವರು ತಿಳಿಯದೆ ಮಾಡುವುದು ಇದನ್ನೇ. ಅಂಥಲ್ಲಿ ಸ್ಪ್ರೆಡರ್ ಬೀಮ್ (ಸ್ಲಿಂಗ್ ಕಾಲುಗಳನ್ನು ಅಗಲಿಸಿ ನೆಟ್ಟಗೆ ಇಳಿಬಿಡುವ ಅಡ್ಡತೊಲೆ) ಬಳಸಬೇಕು, ಅದಕ್ಕೂ ಎತ್ತರ ಸಾಲದಿದ್ದರೆ ಎತ್ತುವುದನ್ನೇ ಬಿಟ್ಟು ನೆಲದ ಮೇಲೆ ಜರುಗಿಸಬೇಕು. ಯಂತ್ರದ ಮೇಲಿನ ಐ ಬೋಲ್ಟ್‌ಗಳು (ತಲೆಯಲ್ಲಿ ಬಳೆಯಿರುವ ಬೋಲ್ಟ್‌ಗಳು) ಹಲವು ಸಲ ಮೋಟಾರನ್ನೋ ಮುಚ್ಚಳವನ್ನೋ ಎತ್ತಲು ಕೊಟ್ಟವು, ಇಡೀ ಯಂತ್ರಕ್ಕಲ್ಲ; ಓರೆಯಾಗಿ ಎಳೆದರೆ ಅವುಗಳ ಸಾಮರ್ಥ್ಯ ತೀವ್ರವಾಗಿ ಕುಸಿಯುತ್ತದೆ.

ಗ್ರೌಟ್‌ನಡಿ (ಯಂತ್ರದ ಪಾದದ ಕೆಳಗೆ ತುಂಬಿದ ಗಾರೆಯಡಿ) ಮರೆಯಾದ, ಯಂತ್ರವನ್ನು ಅಡಿಪಾಯಕ್ಕೆ ಬಿಗಿದ ಒಂದೇ ಒಂದು ಫೌಂಡೇಶನ್ ಬೋಲ್ಟ್ ಕ್ರೇನಿನ ಲೆಕ್ಕವನ್ನೆಲ್ಲ ಕೆಡಿಸಬಲ್ಲದು. ಹಿಡಿತ ತಟ್ಟನೆ ಬಿಟ್ಟರೆ ಯಂತ್ರ ಜಿಗಿಯುತ್ತದೆ. ಹಾಗಾಗಿ ಮೊದಲು ಜ್ಯಾಕ್‌ನಿಂದ ಒಂದು ತುದಿಯನ್ನು ಸ್ವಲ್ಪವೇ ಎತ್ತಿ, ಪಾದ ಎಲ್ಲೆಡೆ ಬಿಟ್ಟಿದೆಯೇ ಎಂದು ನೋಡುವುದು ಕ್ಷೇಮ. ಎತ್ತಿದಷ್ಟಕ್ಕೂ ಆಗಲೇ ಮರದ ದಿಮ್ಮಿ ಕೊಟ್ಟುಕೊಂಡು ಹೋಗಬೇಕು. ಜ್ಯಾಕ್ ಒಂದನ್ನೇ ನಂಬಿ ಯಾರೂ ಕೈಯನ್ನು ಅಡಿಗೆ ಚಾಚಬಾರದು.

ನೆಲದ ಮೇಲೆ ಸಾಗಿಸುವಾಗ ಯಂತ್ರದಡಿ ನಾಲ್ಕು ಸ್ಕೇಟ್‌ಗಳಿದ್ದರೂ (ಉರುಳೆಗಳಿರುವ ಗಿಡ್ಡ ಗಾಡಿಗಳು), ಏರುಪೇರಿನ ನೆಲದಲ್ಲಿ ಬಹುಪಾಲು ಭಾರ ಎದುರುಬದುರು ಮೂಲೆಗಳ ಎರಡರ ಮೇಲೆಯೇ ಬೀಳಬಹುದು. ಸ್ಕೇಟ್ ಆಯುವಾಗಲೂ ನೆಲದ ತಾಳಿಕೆ ಲೆಕ್ಕ ಹಾಕುವಾಗಲೂ ಇದನ್ನೇ ಹಿಡಿಯಬೇಕು. ಕೆಳಗೆ ನೆಲಮಾಳಿಗೆಯಿದ್ದರೆ ಸ್ಟ್ರಕ್ಚರಲ್ ಎಂಜಿನಿಯರರ ಲಿಖಿತ ಒಪ್ಪಿಗೆಯಿಲ್ಲದೆ ಕೆಲಸ ಆರಂಭಿಸಕೂಡದು. ಉಕ್ಕಿನ ಹಲಗೆ ಹಾಸಿದರೆ ಭಾರ ಹರಡುತ್ತದೆಯೇ ಹೊರತು ಕಡಿಮೆಯಾಗುವುದಿಲ್ಲ.

ಲಾರಿಯ ಮೇಲೆ ಇಳಿಸಿದ ಮೇಲೂ ಸ್ಲಿಂಗನ್ನು ಕೂಡಲೇ ಕಳಚಬಾರದು. ಕ್ರೇನ್ ಭಾರವನ್ನು ನಿಧಾನವಾಗಿ ಬಿಡುತ್ತಿರುವಾಗ ಲಾರಿ ಒಂದು ಕಡೆಗೆ ವಾಲುತ್ತಿದೆಯೇ ಎಂದು ಗಮನಿಸಿ, ಯಂತ್ರವನ್ನು ಸರಪಳಿಯಿಂದ ಬಿಗಿದ ನಂತರವೇ ಕೊಕ್ಕೆ ತೆಗೆಯಬೇಕು.