ಹಾಂಕಾಂಗ್‌ಗೆ ಬಂದರೆ ಮೊದಲು ಲಾಂಚ್ ಹತ್ತಿ

ಊರಿನಿಂದ ಯಾರಾದರೂ ಹಾಂಕಾಂಗ್‌ಗೆ ಬರ್ತೀವಿ ಅಂತ ಫೋನ್ ಮಾಡಿದರೆ ಮೊದಲು ಕೇಳುವುದು ಡಿಸ್ನಿಲ್ಯಾಂಡ್ ಟಿಕೆಟ್ ಬಗ್ಗೆ. ಮಕ್ಕಳಿದ್ದರೆ ಅದಕ್ಕೊಂದು ದಿನ ಬೇಕೇ ಬೇಕು. ಆದರೆ ಮೊದಲ ದಿನ ಅಲ್ಲಿಗೆ ಹೋಗಬೇಡಿ. ಬಂದ ದಿನ ಸಂಜೆ ಚಿಮ್ ಶಾ ಚುಯಿ ಜೆಟ್ಟಿಗೆ ಹೋಗಿ, ಬಂದರು ದಾಟಿಸುವ ಸ್ಟಾರ್ ಫೆರಿ ಹತ್ತಿ. ಈ ಊರು ಕಟ್ಟಿಕೊಂಡಿರುವುದೇ ನೀರಿನ ಸುತ್ತ. ನೀರಿನ ಮೇಲೆ ನಿಂತು ನೋಡಿದರೇನೇ ಅದು ಅರ್ಥವಾಗುವುದು.

ಹೋದ ಚಳಿಗಾಲದಲ್ಲಿ ಅಪ್ಪ ಅಮ್ಮ ಸಾಗರದಿಂದ ಬಂದಿದ್ದರು. ಅಮ್ಮನ ತವರು ಹಿನ್ನೀರಿನ ಆಚೆ, ತುಮರಿ ಕಡೆ. ಶರಾವತಿ ಹಿನ್ನೀರಿಗೆ ಸೇತುವೆಯಾಗಿದ್ದು 2025ರ ಜುಲೈನಲ್ಲಿ. ಅಲ್ಲಿಯವರೆಗೆ ಹೊಳೆಬಾಗಿಲಿನಲ್ಲಿ ಹಿನ್ನೀರು ದಾಟಿಸುವ ಲಾಂಚಿಗೆ ಕಾದು ಕಾದೇ ಅವರ ಆಯಸ್ಸು ಕಳೆದಿದೆ. ಹಸಿರು ಬಿಳಿ ಬಣ್ಣದ ಫೆರಿ ಕಂಡಕೂಡಲೇ ಅಮ್ಮ, "ಇದು ನಮ್ಮ ಲಾಂಚೇ ಅಲ್ವಾ?" ಅಂದರು. ಅಪ್ಪ ಕಟ್ಟೆಯ ಹತ್ತಿರವೇ ನಿಂತುಬಿಟ್ಟರು. ನೀಲಿ ಅಂಗಿಯ ಕೆಲಸದವರೊಬ್ಬರು ದಪ್ಪ ಹಗ್ಗ ಎಸೆದರು, ಇನ್ನೊಬ್ಬರು ಉದ್ದ ಕೋಲಿನ ಕೊಕ್ಕೆಯಿಂದ ಅದನ್ನು ಹಿಡಿದು ಕಂಬಕ್ಕೆ ಸುತ್ತಿದರು. ಹಲಗೆ ಧಡ್ ಅಂತ ಕೆಳಗಿಳಿಯಿತು. ಒಳಗೆ ಮರದ ಬೆಂಚು. ಫೆರಿ ತಿರುಗುವುದಿಲ್ಲ, ಬಂದ ಹಾಗೆಯೇ ವಾಪಸ್ ಹೊರಡುತ್ತದೆ. ಅದಕ್ಕೇ ಬೆಂಚಿನ ಒರಗುವ ಭಾಗವನ್ನು ಎಳೆದು ಆಚೆಗೆ ಮಗುಚಬಹುದು. ಯಾವ ದಿಕ್ಕಿಗೆ ಹೋದರೂ ನೀವು ಮುಂದಕ್ಕೇ ನೋಡುತ್ತೀರಿ.

ಈ ಫೆರಿಯನ್ನು ಶುರು ಮಾಡಿದ್ದು ನಮ್ಮ ಮುಂಬೈ ಕಡೆಯ ಪಾರ್ಸಿ, ದೊರಾಬ್ಜಿ ನವರೋಜಿ. ಕಂಪನಿ ಹುಟ್ಟಿದ್ದು 1888ರಲ್ಲಿ. ಆಮೇಲೆ 1972ರಲ್ಲಿ ಸಮುದ್ರದ ಕೆಳಗೆ ವಾಹನಗಳ ಸುರಂಗ ಬಂತು, 1980ರಲ್ಲಿ ಮೆಟ್ರೋ ಕೂಡ ಸಮುದ್ರದ ಕೆಳಗೆ ದಾಟಿತು. ಆದರೂ ಫೆರಿ ನಿಲ್ಲಲಿಲ್ಲ. ಈಗಲೂ ಆಫೀಸು ಮುಗಿಸಿದವರು ಹತ್ತು ನಿಮಿಷ ಗಾಳಿಗೆ ಮುಖವೊಡ್ಡಿ ಕೂತು ದಾಟುತ್ತಾರೆ. ಇದನ್ನು ಹೇಳಿದಾಗ ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಒಳ್ಳೇದು ಮಾಡಿದಾರೆ ಪುಟ್ಟಿ, ಎರಡೂ ಇರಬೇಕು" ಅಂದರು.

ಮರುದಿನ ಅದೇ ಬಂದರನ್ನು ಮೇಲಿನಿಂದ ನೋಡಿ. ವಿಕ್ಟೋರಿಯಾ ಪೀಕ್ 552 ಮೀಟರ್ ಎತ್ತರದ ಬೆಟ್ಟ. ಬೆಟ್ಟ ಹತ್ತುವ ಪೀಕ್ ಟ್ರಾಮ್ ಕೂಡ 1888ರದ್ದೇ, ಆದರೆ ಸಾಲು ಉದ್ದ. ನಾವು 15ನೇ ನಂಬರ್ ಬಸ್ಸಿನ ಮಹಡಿಯಲ್ಲಿ ಕೂತು ಹೋದೆವು. ಹೆಚ್ಚಿನವರು ಮಾಲ್‌ನ ತಾರಸಿ ಹತ್ತಿ ಫೋಟೋ ತೆಗೆದು ಇಳಿದುಬಿಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಪಕ್ಕದ ಲುಗಾರ್ಡ್ ರಸ್ತೆಯಲ್ಲಿ ನಡೆಯಿರಿ. ಹೆಚ್ಚು ಏರಿಲ್ಲದ ದಾರಿ, ವಯಸ್ಸಾದವರಿಗೂ ಕಷ್ಟವಿಲ್ಲ, ದುಡ್ಡೂ ಕೊಡಬೇಕಿಲ್ಲ. ಒಂದು ತಿರುವಿನಲ್ಲಿ ಬಿಳಲು ಬಿಟ್ಟ ದೊಡ್ಡ ರಬ್ಬರ್ ಮರವಿದೆ, ಥೇಟ್ ನಮ್ಮ ಆಲದ ಜಾತಿ. ಅದನ್ನು ದಾಟಿ ಮುಂದೆ ಹೋದರೆ ಗಿಡಗಳ ನಡುವೆ ಇಡೀ ಬಂದರು ಕಾಣುತ್ತದೆ. ಹಿಂದಿನ ಸಂಜೆ ನಾವು ಕೂತಿದ್ದ ಫೆರಿ ಅಲ್ಲಿಂದ ಬೆಂಕಿಪೊಟ್ಟಣದಷ್ಟು.

ಲಾಂಟಾವ್ ದ್ವೀಪಕ್ಕೆ ಪೂರ್ತಿ ಒಂದು ದಿನ ಇಡಿ. ತುಂಗ್ ಚುಂಗ್‌ನಿಂದ 5.7 ಕಿಲೋಮೀಟರ್ ಕೇಬಲ್ ಕಾರ್. ಮೇಲೆ 34 ಮೀಟರ್ ಎತ್ತರದ ಕಂಚಿನ ಬುದ್ಧ, 268 ಮೆಟ್ಟಿಲು. ಅಮ್ಮನ ಮೊಣಕಾಲು ನೋವು ನೆನೆದು ನನಗೆ ಹೆದರಿಕೆಯಿತ್ತು. ಅವರು ಮೂರು ಕಡೆ ಕೂತು, ಲೆಕ್ಕ ಹಾಕುತ್ತಲೇ ಹತ್ತಿದರು. ಇಳಿದ ಮೇಲೆ ಪೋ ಲಿನ್ ಮಠದಲ್ಲಿ ಸಸ್ಯಾಹಾರಿ ಊಟ.

ಊಟದ ಮಾತು ಬಂತು, ಇದನ್ನು ಗಮನವಿಟ್ಟು ಓದಿ. ಮೊದಲ ರಾತ್ರಿ ಒಂದು ಹೋಟೆಲಿನಲ್ಲಿ "ಬರೀ ತರಕಾರಿ" ಅಂತ ಕೇಳಿ ತರಿಸಿದ ಸೊಪ್ಪಿನ ಮೇಲೆ ಕಪ್ಪು ಸಾಸ್ ಸುರಿದಿದ್ದರು. ಅದು ಸಿಂಪಿಯಿಂದ ಮಾಡುವ ಆಯ್ಸ್ಟರ್ ಸಾಸ್. ಅಮ್ಮ ತುತ್ತು ಬಾಯಿಗಿಡುವ ಮೊದಲು ನನಗೆ ಹೊಳೆಯಿತು, ಸದ್ಯ. ತರಕಾರಿ ಅಂದರೆ ಇಲ್ಲಿ ಸಸ್ಯಾಹಾರ ಅಂತ ಅರ್ಥವಲ್ಲ. "ಜಾಯ್" ಅನ್ನಿ. ಅದು ಬೌದ್ಧರ ಮಡಿ ಊಟದ ಹೆಸರು, ಮಾಂಸ ಮೀನು ಎರಡೂ ಇರುವುದಿಲ್ಲ. ಚಪಾತಿ, ದಾಲ್ ಬೇಕೆನಿಸಿದರೆ ನೇಥನ್ ರಸ್ತೆಯ ಚುಂಗ್‌ಕಿಂಗ್ ಮ್ಯಾನ್ಷನ್ಸ್‌ಗೆ ಹೋಗಿ. ಗಲಾಟೆ ಜಾಸ್ತಿ, ಆದರೆ ಊಟ ಸಿಗುತ್ತದೆ.

ಏನೂ ಮಾಡಲು ತೋಚದ ಸಂಜೆ ಸುಮ್ನೆ ಊರೊಳಗಿನ ಟ್ರಾಮ್ ಹತ್ತಿ. 1904ರಿಂದ ಓಡುತ್ತಿದೆ. ಗಂಟೆಯ ಸದ್ದಿಗೆ ಜನ ಅದನ್ನು "ಡಿಂಗ್ ಡಿಂಗ್" ಅನ್ನುತ್ತಾರೆ. ಹಿಂದಿನಿಂದ ಹತ್ತಬೇಕು, ಇಳಿಯುವಾಗ ಮುಂದೆ ದುಡ್ಡು ಕೊಡಬೇಕು. ಮಹಡಿಯ ಮುಂದಿನ ಕಿಟಕಿ ಸಿಕ್ಕರೆ ಬಿಡಬೇಡಿ. ವಿಮಾನ ನಿಲ್ದಾಣದಲ್ಲೇ ಆಕ್ಟೋಪಸ್ ಕಾರ್ಡ್ ಕೊಂಡರೆ ಟ್ರಾಮ್, ಫೆರಿ, ಬಸ್ಸು, ಮೆಟ್ರೋ ಎಲ್ಲಕ್ಕೂ ನಡೆಯುತ್ತದೆ.

ಬರುವುದಾದರೆ ಅಕ್ಟೋಬರ್‌ನಿಂದ ಡಿಸೆಂಬರ್ ಒಳ್ಳೆಯದು. ಬೇಸಿಗೆಯಲ್ಲಿ ಚಂಡಮಾರುತದ ಎಂಟನೇ ನಂಬರ್ ಎಚ್ಚರಿಕೆ ಬಂದರೆ ಫೆರಿಯೂ ಬಂದ್. ಭಾರತದ ಪಾಸ್‌ಪೋರ್ಟ್‌ನವರು ಹೊರಡುವ ಮೊದಲು ಆನ್‌ಲೈನ್‌ನಲ್ಲಿ ಹೆಸರು ನೋಂದಾಯಿಸಿ, ಆ ಚೀಟಿಯನ್ನು ಪ್ರಿಂಟ್ ತೆಗೆದು ತನ್ನಿ. ಅದಕ್ಕೆ ಶುಲ್ಕವಿಲ್ಲ.

ಹೊರಡುವ ಹಿಂದಿನ ದಿನ ಎಲ್ಲಿಗೆ ಹೋಗೋಣ ಅಂತ ಅಪ್ಪನನ್ನು ಕೇಳಿದೆ. "ಲಾಂಚಿಗೆ" ಅಂದರು. ಎರಡು ಸಲ ಹೋಗಿ ಬಂದೆವು. ಎರಡನೇ ಸಲ ಬೆಂಚಿನ ಬೆನ್ನನ್ನು ಅಮ್ಮನೇ ಮಗುಚಿ, ಅಪ್ಪನಿಗೆ ಕಿಟಕಿ ಪಕ್ಕ ಜಾಗ ಬಿಟ್ಟು ಕೂತರು.