ತಟ್ಟೆ ಇಡ್ಲಿಯಿಂದ ಫೇಡೆಯವರೆಗೆ: ಪುಣೆ ಹೆದ್ದಾರಿಯಲ್ಲಿ ಎರಡು ದಿನ

ಬೆಂಗಳೂರಿನಿಂದ ಧಾರವಾಡಕ್ಕೆ ಹೆದ್ದಾರಿ 48ರಲ್ಲಿ ಹೆಚ್ಚುಕಡಿಮೆ 430 ಕಿ.ಮೀ. ಎಲ್ಲೂ ನಿಲ್ಲದೆ ಹೋದರೆ ಏಳೆಂಟು ಗಂಟೆ. ತಿನ್ನಲೆಂದೇ ಹೊರಟವರಿಗೆ ಎರಡು ದಿನ ಬೇಕು, ಜೊತೆಗೆ ಬೈಪಾಸ್ ಬಿಟ್ಟು ಊರೊಳಗೆ ಇಳಿಯುವ ತಾಳ್ಮೆಯೂ ಬೇಕು. ಹೆದ್ದಾರಿ ಪಕ್ಕದ ಫುಡ್ ಕೋರ್ಟುಗಳಲ್ಲಿ ತುಮಕೂರಿಗೂ ಹಾವೇರಿಗೂ ಒಂದೇ ಮೆನು. ಊರಿನ ರುಚಿ ಸರ್ವಿಸ್ ರಸ್ತೆಯಿಂದ ಎರಡು ಮೂರು ಕಿಲೋಮೀಟರ್ ಒಳಗಿರುತ್ತದೆ.

ಬೆಳಗ್ಗೆ ಐದೂವರೆಗೆ ಬೆಂಗಳೂರು ಬಿಟ್ಟರೆ ಏಳರ ಸುಮಾರಿಗೆ ಕ್ಯಾತಸಂದ್ರ. ತುಮಕೂರು ಇನ್ನೂ ಸ್ವಲ್ಪ ಮುಂದಿದೆ, ಸಿದ್ಧಗಂಗಾ ಮಠ ಪಕ್ಕದಲ್ಲೇ. ಇಲ್ಲಿಗೆ ಬರುವುದು ತಟ್ಟೆ ಇಡ್ಲಿಗೆ. ಒಂದೇ ಇಡ್ಲಿ ಹೇಳಿ, ಮೇಲೆ ಬೆಣ್ಣೆ ಹಾಕಿಸಿಕೊಳ್ಳಿ, ಚಟ್ನಿಯನ್ನು ಪಕ್ಕಕ್ಕೆ ಕೇಳಿ. ಎರಡನೆಯದು ಬೇಡ, ಮೂರೂವರೆ ಗಂಟೆಯಲ್ಲಿ ದಾವಣಗೆರೆ ಬರುತ್ತದೆ.

ಚೆನ್ನಾಗಿ ಬೆಂದ ತಟ್ಟೆ ಇಡ್ಲಿಯನ್ನು ಬೆರಳಿನಿಂದ ಒತ್ತಿ ಬಿಟ್ಟರೆ ಮೇಲೆದ್ದು ಬರಬೇಕು, ಮುರಿದರೆ ಒಳಗೆ ಸ್ಪಂಜಿನಂತೆ ತೂತು ಕಾಣಬೇಕು. ಮನೆಯಲ್ಲಿ ಮಾಡುವುದಾದರೆ ಮೂರು ಲೋಟ ಇಡ್ಲಿ ಅಕ್ಕಿಗೆ ಒಂದು ಲೋಟ ಉದ್ದಿನಬೇಳೆ, ಕಾಲು ಲೋಟ ಸಬ್ಬಕ್ಕಿ, ಅರ್ಧ ಲೋಟ ಗಟ್ಟಿ ಅವಲಕ್ಕಿ. ಅಕ್ಕಿ, ಸಬ್ಬಕ್ಕಿಯನ್ನು ಒಟ್ಟಿಗೆ ಐದು ಗಂಟೆ ನೆನೆಸಿ, ಉದ್ದನ್ನು ಬೇರೆ ನೆನೆಸಿ, ಅವಲಕ್ಕಿಗೆ ರುಬ್ಬುವ ಅರ್ಧ ಗಂಟೆ ಮೊದಲು ನೀರು ಹಾಕಿದರೆ ಸಾಕು. ಉದ್ದು ನುಣ್ಣಗೆ, ಅಕ್ಕಿ ಸಣ್ಣ ರವೆಯ ಹದ, ಎರಡನ್ನೂ ಬೆರೆಸಿ ರಾತ್ರಿಯಿಡೀ ಹುದುಗಲು ಬಿಡಿ. ಸಬ್ಬಕ್ಕಿ ಜಾಸ್ತಿಯಾದರೆ ಇಡ್ಲಿ ಹಲ್ಲಿಗೆ ಅಂಟುತ್ತದೆ. ಎಣ್ಣೆ ಸವರಿದ ತಟ್ಟೆಗೆ ಅರ್ಧದವರೆಗೆ ಮಾತ್ರ ಹಿಟ್ಟು ಹಾಕಿ ಹನ್ನೆರಡರಿಂದ ಹದಿನೈದು ನಿಮಿಷ ಬೇಯಿಸಿ.

ಸಾಮಾನ್ಯವಾಗಿ ಕೆಡುವುದು ಎರಡು ಕಡೆ. ತಟ್ಟೆಗಳನ್ನು ಒಂದರ ಮೇಲೊಂದು ಒತ್ತೊತ್ತಾಗಿ ಇಟ್ಟರೆ ಹಬೆಗೆ ದಾರಿಯಿಲ್ಲದೆ ನಡುವಿನ ಇಡ್ಲಿ ಹಸಿಯಾಗಿ ಉಳಿಯುತ್ತದೆ. ತಟ್ಟೆ ತಟ್ಟೆಗೆ ಕನಿಷ್ಠ ಎರಡು ಬೆರಳು ಸಂದು ಇರುವ ಸ್ಟ್ಯಾಂಡು ಬೇಕು. ಇನ್ನೊಂದು ಮುಚ್ಚಳದಿಂದ ತೊಟ್ಟಿಕ್ಕುವ ನೀರು. ಮಾಮೂಲಿ ಇಡ್ಲಿಗೆ ಅದರಿಂದ ಅಷ್ಟೇನೂ ಆಗುವುದಿಲ್ಲ, ಅಗಲವಾದ ತಟ್ಟೆ ಇಡ್ಲಿಯ ನಡುವೆ ಮಾತ್ರ ಗುಳಿ ಬಿದ್ದು ಮೆತ್ತಗಾಗುತ್ತದೆ. ಮುಚ್ಚಳಕ್ಕೆ ತೆಳುವಾದ ಬಟ್ಟೆ ಕಟ್ಟಿ. ಒಲೆ ಆರಿಸಿ ಮೂರು ನಿಮಿಷ ಬಿಟ್ಟು, ಒದ್ದೆ ಚಾಕುವಿನಿಂದ ಅಂಚು ಬಿಡಿಸಿ.

ಸಿರಾ, ಹಿರಿಯೂರು, ಚಿತ್ರದುರ್ಗ ಹಾಗೇ ದಾಟಿಹೋಗಲಿ. ಕೋಟೆ ನೋಡುವವರು ನೋಡಬಹುದು, ಈ ದಾರಿಯ ಲೆಕ್ಕ ಬೇರೆ.

ದಾವಣಗೆರೆಯಲ್ಲಿ ದೋಸೆಯ ಹೊತ್ತು ಬೆಳಗ್ಗೆ ಮತ್ತು ಸಂಜೆ. ಹನ್ನೊಂದರ ಒಳಗೆ ತಲುಪಿಕೊಳ್ಳಿ. ಕೊಟ್ಟೂರೇಶ್ವರನ ಹೆಸರಿನ ಬೋರ್ಡುಗಳು ಎಷ್ಟೋ ಇವೆ. ಯಾವುದು ಅಸಲಿ ಎಂಬ ಜಗಳಕ್ಕೆ ಹೋಗದೆ, ಒಲೆಗೆ ಸೌದೆ ಉರಿಸುವ, ಹಂಚು ಎದುರಿಗೇ ಕಾಣುವ ಕಡೆ ಕೂರುವುದು ಮೇಲು. ಬೆಳಗಾವಿ ಕಡೆಯಿಂದ ಮಕ್ಕಳೊಂದಿಗೆ ಬಂದ ಚೆನ್ನಮ್ಮ ಎಂಬ ಹೆಣ್ಣುಮಗಳು 1928ರಲ್ಲಿ ಇಲ್ಲಿ ರಾಗಿ ಹಿಟ್ಟಿನ ದೋಸೆ ಮಾರಲು ಕೂತಳು, ಮುಂದೆ ಮಕ್ಕಳು ಅದನ್ನು ಅಕ್ಕಿ ದೋಸೆ ಮಾಡಿ ಬೆಣ್ಣೆ ಹಾಕಿದರು ಎಂಬುದು ಊರವರು ಹೇಳುವ ಕತೆ.

ಮೊದಲ ಸಲ ಬಂದವರು ಇಲ್ಲಿ ಮೂರು ಹೆಸರು ತಿಳಿದುಕೊಂಡಿರಬೇಕು. ಬೆಣ್ಣೆ ದೋಸೆ ಎಂದರೆ ಗರಿಗರಿ, ಜೊತೆಗೆ ಆಲೂಗಡ್ಡೆ ಪಲ್ಯ, ತೆಳ್ಳಗಿನ ಬಿಳಿ ಚಟ್ನಿ. ಖಾಲಿ ದೋಸೆ ಮೆತ್ತಗೆ, ಚಿಕ್ಕದು. ಓಪನ್ ದೋಸೆಗೆ ಹಂಚಿನ ಮೇಲೇ ಚಟ್ನಿಪುಡಿ ಉದುರಿಸಿ ಪಲ್ಯ ಇಡುತ್ತಾರೆ. ಇಬ್ಬರಿದ್ದರೆ ಒಂದು ಬೆಣ್ಣೆ, ಒಂದು ಓಪನ್ ಹೇಳಿ ಹಂಚಿಕೊಳ್ಳಿ. ಸಾಂಬಾರ್ ಕೇಳಬೇಡಿ, ಅದು ಇಲ್ಲಿನ ಪದ್ಧತಿಯಲ್ಲ.

ಹಂಚಿನ ಹತ್ತಿರ ಐದು ನಿಮಿಷ ನಿಂತರೆ ಮನೆಯ ದೋಸೆ ಯಾಕೆ ಹೀಗಾಗುವುದಿಲ್ಲ ಎಂಬುದು ಗೊತ್ತಾಗುತ್ತದೆ. ಮೊದಲು ನೀರು ಚಿಮುಕಿಸಿ ಪೊರಕೆಯಿಂದ ಗುಡಿಸುತ್ತಾರೆ. ಹಂಚು ತೊಳೆಯುವುದಷ್ಟೇ ಅದರ ಕೆಲಸವಲ್ಲ. ಕಾದ ಹಂಚನ್ನು ಒಂದು ಕ್ಷಣ ತಣಿಸದಿದ್ದರೆ ಹಿಟ್ಟು ಬಿದ್ದ ಕಡೆಯೇ ಹಿಡಿದುಕೊಂಡು, ಸೌಟಿನ ಜೊತೆ ಎದ್ದು ಬರುತ್ತದೆ. ಹಿಟ್ಟನ್ನು ಮಸಾಲೆ ದೋಸೆಯಷ್ಟು ತೆಳುವಾಗಿ ಎಳೆಯುವುದಿಲ್ಲ, ಅಂಗೈ ಅಗಲಕ್ಕಿಂತ ತುಸು ದೊಡ್ಡದಾಗಿ ದಪ್ಪಗೆ ಬಿಡುತ್ತಾರೆ. ಆಮೇಲೆ ಬೆಣ್ಣೆಯನ್ನು ಮುಟ್ಟದೆ ಕಾಯುತ್ತಾರೆ. ಮೇಲೆಲ್ಲ ತೂತು ಬಿದ್ದು, ಹಿಟ್ಟಿನ ಹಸಿ ಹೊಳಪು ಹೋಗಿ ಮಂಕಾದ ಮೇಲೆಯೇ ಬೆಣ್ಣೆಯ ಉಂಡೆ ಬೀಳುವುದು. ಅದು ಕರಗಿ ತೂತುಗಳ ಮೂಲಕ ತಳಕ್ಕಿಳಿದು ದೋಸೆಯನ್ನು ಕೆಳಗಿನಿಂದ ಕರಿಯುತ್ತದೆ. ಮನೆಯಲ್ಲಿ ಹಿಟ್ಟು ಹಸಿಯಿರುವಾಗಲೇ ಬೆಣ್ಣೆ ಹಾಕಿ ತೂತು ಮುಚ್ಚಿಬಿಡುತ್ತೇವೆ, ಬೆಣ್ಣೆ ಮೇಲೆಯೇ ಕೂತು ದೋಸೆ ಬರೀ ಜಿಡ್ಡಾಗುತ್ತದೆ.

ಅಳತೆ ಹೀಗಿದೆ: ಮೂರು ಲೋಟ ದೋಸೆ ಅಕ್ಕಿ, ಅರ್ಧ ಲೋಟ ಉದ್ದು, ಒಂದು ಚಮಚ ಮೆಂತ್ಯ, ಎರಡು ಲೋಟ ಮಂಡಕ್ಕಿ. ಅಕ್ಕಿ, ಉದ್ದು, ಮೆಂತ್ಯ ಆರು ಗಂಟೆ ನೆನೆಯಲಿ. ಮಂಡಕ್ಕಿಯನ್ನು ನೀರಿಗೆ ಹಾಕಿ ತಕ್ಷಣ ಹಿಂಡಿ, ರುಬ್ಬುವಾಗ ಕೊನೆಗೆ ಸೇರಿಸಿ. ಮೊದಲೇ ಹಾಕಿದರೆ ಅದು ನೀರು ಕುಡಿದು ಕುಡಿದು ಹಿಟ್ಟಿನ ಹದ ಸಿಗುವುದೇ ಇಲ್ಲ. ರಾತ್ರಿಯಿಡೀ ಹುದುಗಿದ ಮೇಲೆ ಉಪ್ಪು, ಒಂದು ಚಮಚ ಸಕ್ಕರೆ, ಚಿಟಿಕೆ ಸೋಡಾ. ಹೊಂಬಣ್ಣ ಬರುವುದರಲ್ಲಿ ಸಕ್ಕರೆಯದೂ ಪಾಲಿದೆ. ದಪ್ಪ ಕಬ್ಬಿಣದ ಕಾವಲಿ, ಮಧ್ಯಮ ಉರಿ, ದೋಸೆಗೆ ಒಂದೂವರೆ ದೊಡ್ಡ ಚಮಚ ಉಪ್ಪಿಲ್ಲದ ಬಿಳಿ ಬೆಣ್ಣೆ. ಪ್ಯಾಕೆಟ್ಟಿನ ಹಳದಿ ಬೆಣ್ಣೆಯಲ್ಲಿ ಉಪ್ಪಿರುವುದರಿಂದ ದೋಸೆ, ಪಲ್ಯ ಎರಡರ ಲೆಕ್ಕವೂ ತಪ್ಪುತ್ತದೆ. ಪಲ್ಯಕ್ಕೆ ಅರಿಶಿನ ಬೇಡ. ಬೇಯಿಸಿದ ಆಲೂಗಡ್ಡೆ, ಈರುಳ್ಳಿ, ಹಸಿಮೆಣಸಿನಕಾಯಿ, ಉಪ್ಪು, ಅಷ್ಟೇ.

ಊರು ಬಿಡುವ ಮುಂಚೆ ಎರಡು ಲೀಟರ್ ಡಬ್ಬಿಯಷ್ಟು ಮಂಡಕ್ಕಿ ಕೊಳ್ಳಿ. ಇಲ್ಲಿನ ಮಂಡಕ್ಕಿ ಭಟ್ಟಿಗಳು ಹೆಸರಾದವು, ಕಾಳು ಉಬ್ಬಿ ಹಗುರವಾಗಿರುತ್ತದೆ. ಮುಂದೆ ಹುಬ್ಬಳ್ಳಿಯ ಗಿರ್ಮಿಟ್‌ಗೂ ಇದೇ ಬೇಕು.

ಹರಿಹರ, ರಾಣೆಬೆನ್ನೂರು ದಾಟಿದ ಮೇಲೆ ಮೋಟೆಬೆನ್ನೂರಿನಲ್ಲಿ ಹೆದ್ದಾರಿ ಬಿಟ್ಟರೆ ಬ್ಯಾಡಗಿ. ಜನವರಿಯಿಂದ ಏಪ್ರಿಲ್‌ವರೆಗೆ ಹೊಸ ಮೆಣಸಿನಕಾಯಿ ಬರುವ ಕಾಲ, ಮಾರುಕಟ್ಟೆಗೆ ಇನ್ನೂ ದೂರವಿರುವಾಗಲೇ ಘಾಟು ಮೂಗಿಗೆ ಹೊಡೆಯುತ್ತದೆ. 2011ರಲ್ಲಿ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಪಡೆದ ಈ ಕಾಯಿಯಲ್ಲಿ ಡಬ್ಬಿ, ಕಡ್ಡಿ ಎಂದು ಎರಡು ಬಗೆ. ಡಬ್ಬಿ ಗಿಡ್ಡ, ದಪ್ಪ. ಕಡ್ಡಿ ಉದ್ದ, ಸಪೂರ, ಮೈಯೆಲ್ಲ ಸುಕ್ಕು. ಎರಡೂ ಬಣ್ಣಕ್ಕೆ ಹೆಸರಾದವು, ಖಾರ ಕಡಿಮೆ. ಬರೀ ಬ್ಯಾಡಗಿಯ ಪುಡಿ ಹಾಕಿದ ಸಾರು ಕೆಂಪಗೆ ಕಂಡರೂ ಸಪ್ಪೆ ಎನಿಸುವುದು ಇದರಿಂದಲೇ. ಮೂರು ಪಾಲು ಬ್ಯಾಡಗಿಗೆ ಒಂದು ಪಾಲು ಗುಂಟೂರು ಬೆರೆಸಿದರೆ ಸರಿಹೋಗುತ್ತದೆ.

ಕೊಳ್ಳುವಾಗ ನಾಲ್ಕು ಕಾಯಿ ಮುರಿದು ಒಳಗೆ ನೋಡಿ. ಬೀಜದ ಸುತ್ತ ಬೂದು ಬಣ್ಣದ ಬೂಷ್ಟು ಇದ್ದರೆ ಒದ್ದೆ ಕಾಯಿಯನ್ನು ಮೂಟೆ ಕಟ್ಟಿದ್ದಾರೆ ಎಂದರ್ಥ. ಹೊರಗೆ ಎಷ್ಟೇ ಕೆಂಪಗಿದ್ದರೂ ಬಿಡಿ. ತೊಟ್ಟು ಗಟ್ಟಿಯಾಗಿ ಅಂಟಿಕೊಂಡಿರುವ ಕಾಯಿ ಚೆನ್ನಾಗಿ ಬಾಳುತ್ತದೆ. ಮನೆಗೆ ಬಂದ ಮೇಲೆ ಒಂದು ದಿನ ಬಿಸಿಲಿಗೆ ಹಾಕಿ, ಗಾಳಿಯಾಡದ ಡಬ್ಬಿಯಲ್ಲಿ ಕತ್ತಲಲ್ಲಿಡಿ. ಬೆಳಕು ಬಿದ್ದರೆ ಮೊದಲು ಹೋಗುವುದು ಬಣ್ಣ.

ಎರಡೂವರೆ ಒಳಗೆ ಹುಬ್ಬಳ್ಳಿ ಸೇರಿದರೆ ಖಾನಾವಳಿಯಲ್ಲಿ ಬಿಸಿ ರೊಟ್ಟಿ ಸಿಗುತ್ತದೆ. ತಡವಾದರೆ ಖಡಕ್ ರೊಟ್ಟಿಯೇ ಗತಿ. ಇಲ್ಲಿಗೆ ಬರುವಷ್ಟರಲ್ಲಿ ಮಾತೂ ಬದಲಾಗಿರುತ್ತದೆ: ಈರುಳ್ಳಿ ಉಳ್ಳಾಗಡ್ಡಿಯಾಗಿದೆ, ಬದನೆಕಾಯಿ ಮುಳಗಾಯಿ, ಹುರಿಗಡಲೆ ಪುಟಾಣಿ, ಪಲ್ಯ ಪಲ್ಲೆ, ಮಂಡಕ್ಕಿ ಚುರುಮುರಿ. ತಾಟಿನಲ್ಲಿ ರೊಟ್ಟಿ, ಮುಳಗಾಯಿ ಎಣ್ಣೆಗಾಯಿ, ಒಂದು ಕಾಳು ಪಲ್ಲೆ, ಶೇಂಗಾ ಚಟ್ನಿ, ಗುರೆಳ್ಳು ಚಟ್ನಿ, ಮೊಸರು, ಪಕ್ಕಕ್ಕೆ ಹಸಿ ಉಳ್ಳಾಗಡ್ಡಿ, ಮೂಲಂಗಿ, ಮೆಂತ್ಯಸೊಪ್ಪು. ಚಟ್ನಿಪುಡಿಗೆ ಗುಳಿ ಮಾಡಿ ಎಣ್ಣೆ ಹಾಕಿಸಿಕೊಳ್ಳದೆ ತಿಂದರೆ ಗಂಟಲಿಗೆ ಹಿಡಿಯುತ್ತದೆ. “ಇನ್ನೊಂದ್ ರೊಟ್ಟಿ ಹಾಕ್ಲೇನ್ರಿ?” ಎಂಬ ಪ್ರಶ್ನೆಗೆ ಎರಡು ಸಲ ಹೂಂ ಎಂದರೆ ಕೊನೆಯಲ್ಲಿ ಅನ್ನಕ್ಕೆ ಜಾಗವಿರುವುದಿಲ್ಲ. ಅನ್ನ ಬಿಟ್ಟರೂ ನಷ್ಟವೇನಿಲ್ಲ, ಜೋಳದ ಸೀಮೆಯಲ್ಲಿ ಅನ್ನ ಬರೀ ನೆಪಕ್ಕೆ.

ರೊಟ್ಟಿಯ ವಿಷಯದಲ್ಲಿ ಬೆಂಗಳೂರಿನ ಮನೆಗಳು ಸೋಲುವುದು ಹಿಟ್ಟಿನಲ್ಲಿ. ಜೋಳದಲ್ಲಿ ಗೋಧಿಯ ಜಿಗುಟು ಇಲ್ಲ, ಕುದಿಯುವ ನೀರಿಗೆ ಹಿಟ್ಟಿನ ಪಿಷ್ಟ ಬೆಂದು ಅಂಟುವುದರಿಂದಲೇ ರೊಟ್ಟಿ ನಿಲ್ಲುತ್ತದೆ. ಬೀಸಿ ತಿಂಗಳಾದ ಹಿಟ್ಟಿಗೆ ಜಿಗಿ ಇರುವುದಿಲ್ಲ, ಏನೇ ಮಾಡಿದರೂ ಅಂಚು ಬಿರಿಯುತ್ತದೆ. ಹಿಂಗಾರಿನ ಮಾಲ್ದಂಡಿ ಜೋಳವನ್ನು ಎರಡೆರಡು ಕಿಲೋ ಬೀಸಿಸಿ, ಹದಿನೈದು ದಿನದಲ್ಲಿ ಮುಗಿಸಿ. ಒಂದು ಲೋಟ ಹಿಟ್ಟಿಗೆ ಮುಕ್ಕಾಲು ಲೋಟ ಕುದಿಯುವ ನೀರು. ನಡುವೆ ಗುಳಿ ಮಾಡಿ ಸುರಿದು, ಸೌಟಿನ ಹಿಡಿಕೆಯಿಂದ ಕಲಸಿ, ಕೈ ತಡೆಯುವಷ್ಟು ಆರಿದ ಕೂಡಲೇ ಅಂಗೈ ಬುಡದಿಂದ ಒತ್ತಿ ನಾದಿ. ಪೂರ್ತಿ ತಣ್ಣಗಾಗಲು ಬಿಟ್ಟರೆ ಮತ್ತೆ ಬಿರುಕು. ಒಂದು ರೊಟ್ಟಿಗೆ ಬೇಕಾದಷ್ಟನ್ನೇ ತೆಗೆದು ನಾದಿ, ಉಳಿದದ್ದನ್ನು ಮುಚ್ಚಿಡಿ. ಒಣ ಹಿಟ್ಟಿನ ಮೇಲೆ ಬಡಿದು, ಹಿಟ್ಟು ಹತ್ತಿದ ಮಗ್ಗಲು ಮೇಲೆ ಬರುವಂತೆ ಹಂಚಿಗೆ ಹಾಕಿ, ಒದ್ದೆ ಬಟ್ಟೆಯಿಂದ ಪೂರ್ತಿ ಸವರಿ. ಆ ನೀರು ಆರುವುದಕ್ಕೂ ನೀವು ತಿರುವಿ ಹಾಕುವುದಕ್ಕೂ ಸರಿಹೋಗಬೇಕು. ಬೇಗ ತಿರುವಿದರೆ ಹಂಚಿಗೆ ಅಂಟುತ್ತದೆ, ತಡವಾದರೆ ಮೇಲ್ಮೈ ಬಿರಿದು ಹಬೆ ಸೋರಿಹೋಗುತ್ತದೆ, ರೊಟ್ಟಿ ಉಬ್ಬುವುದಿಲ್ಲ.

ಎಣ್ಣೆಗಾಯಿಗೆ ಎಂಟು ಎಳೆ ಮುಳಗಾಯಿ. ತೊಟ್ಟು ಉಳಿಸಿ ಕೆಳಗಿನಿಂದ ನಾಲ್ಕು ಸೀಳು ಮಾಡಿ ಉಪ್ಪುನೀರಿಗೆ ಹಾಕಿ. ಅರ್ಧ ಲೋಟ ಹುರಿದ ಶೇಂಗಾ, ಎರಡು ದೊಡ್ಡ ಚಮಚ ಗುರೆಳ್ಳು, ಒಂದು ಚಮಚ ಎಳ್ಳು, ಕಾಲು ಲೋಟ ಒಣಕೊಬ್ಬರಿ, ಆರು ಎಸಳು ಬೆಳ್ಳುಳ್ಳಿ, ಎರಡು ಚಮಚ ಖಾರದ ಪುಡಿ, ನೆಲ್ಲಿಕಾಯಿ ಗಾತ್ರದ ಹುಣಸೆಹಣ್ಣು, ಅಷ್ಟೇ ಬೆಲ್ಲ, ಉಪ್ಪು. ತರಿತರಿಯಾಗಿ ಕುಟ್ಟಿ ತುಂಬಿ. ಗುರೆಳ್ಳನ್ನು ಸಣ್ಣ ಉರಿಯಲ್ಲಿ ಹುರಿಯಿರಿ, ಹೊತ್ತಿದರೆ ಇಡೀ ಪಲ್ಲೆ ಕಹಿ. ಕಾಲು ಲೋಟ ಎಣ್ಣೆಯಲ್ಲಿ ಕಾಯಿಗಳ ಸಿಪ್ಪೆ ಸುಕ್ಕಾಗುವವರೆಗೆ ಹೊರಳಿಸಿ, ಆಮೇಲೆ ಉಳಿದ ಮಸಾಲೆ, ಒಂದು ಲೋಟ ಬಿಸಿನೀರು ಹಾಕಿ ಮುಚ್ಚಿ. ಮೇಲೆ ಎಣ್ಣೆ ತೇಲಿದಾಗ ಆಯಿತು. ಕುಕ್ಕರಿಗೆ ಹಾಕಿದರೆ ಕಾಯಿ ಒಡೆದು ಮುದ್ದೆಯಾಗುತ್ತದೆ.

ಸಂಜೆ ಹಸಿವಾದರೆ ಗಿರ್ಮಿಟ್ (ಹುಣಸೆ ಗೊಜ್ಜಿನಲ್ಲಿ ಕಲಸಿದ ಚುರುಮುರಿ) ಮತ್ತು ಮಿರ್ಚಿ ಬಜ್ಜಿ, ಗಾಡಿ ಮುಂದೆ ನಿಂತೇ ತಿನ್ನಬೇಕಾದದ್ದು. ಕಟ್ಟಿಸಿಕೊಂಡು ಹೋಟೆಲ್ ರೂಮಿಗೆ ಒಯ್ದರೆ ಹತ್ತು ನಿಮಿಷದಲ್ಲಿ ಚುರುಮುರಿ ಮೆತ್ತಗಾಗಿರುತ್ತದೆ. ಮನೆಯಲ್ಲಿ ಮಾಡುವವರು ಇದರ ಗೊಜ್ಜನ್ನು ಹಿಂದಿನ ದಿನವೇ ಮಾಡಿಡಬಹುದು: ಎರಡು ಉಳ್ಳಾಗಡ್ಡಿ, ಮೂರು ಹಸಿಮೆಣಸಿನಕಾಯಿಯನ್ನು ಸಾಸಿವೆ, ಜೀರಿಗೆ, ಅರಿಶಿನದ ಒಗ್ಗರಣೆಯಲ್ಲಿ ಬಾಡಿಸಿ, ನಿಂಬೆ ಗಾತ್ರದ ಹುಣಸೆಹಣ್ಣಿನ ರಸ, ಎರಡು ಚಮಚ ಬೆಲ್ಲ ಹಾಕಿ ಗಟ್ಟಿಯಾಗುವವರೆಗೆ ಕುದಿಸಿ. ಪೂರ್ತಿ ಆರಬೇಕು. ಬಿಸಿ ಗೊಜ್ಜಿನ ಹಬೆಗೇ ಚುರುಮುರಿ ಮುದುಡುತ್ತದೆ. ಆರು ಲೋಟ ಚುರುಮುರಿಗೆ ಗೊಜ್ಜಿನ ಜೊತೆ ನಾಲ್ಕು ದೊಡ್ಡ ಚಮಚ ಪುಟಾಣಿ ಹಿಟ್ಟು ಹಾಕಿ ಕಲಸಿದರೆ ಹೆಚ್ಚಿನ ತೇವವನ್ನು ಅದು ಹೀರಿಕೊಳ್ಳುತ್ತದೆ. ಹಸಿ ಉಳ್ಳಾಗಡ್ಡಿ, ಟೊಮೆಟೊ, ಕೊತ್ತಂಬರಿ, ಸೇವು ತಿನ್ನುವ ಕ್ಷಣಕ್ಕೆ ಮೇಲಿಂದ.

ಮರುದಿನ ಬೆಳಗ್ಗೆ 20 ಕಿ.ಮೀ. ಆಚೆಯ ಧಾರವಾಡಕ್ಕೆ ಫೇಡೆಗಾಗಿ ಹೋಗಿ. ಉತ್ತರ ಪ್ರದೇಶದ ಉನ್ನಾವ್‌ನಿಂದ ಪ್ಲೇಗಿನ ಕಾಲಕ್ಕೆ ವಲಸೆ ಬಂದ ಠಾಕೂರ್ ಮನೆತನದಿಂದ ಶುರುವಾದ ಈ ಸಿಹಿಯ ಹಳೆಯ ನೆಲೆ ಲೈನ್ ಬಜಾರ್. ಬೆಳಗ್ಗೆಯೇ ಹೋಗಿ, ಕಾದು ಕೊಳ್ಳುವವರ ಸಾಲು ಇದ್ದೇ ಇರುತ್ತದೆ. ಫೇಡೆ ಒಳಗೆ ಗಾಢ ಕಂದು, ಹೊರಗೆ ಸಕ್ಕರೆಪುಡಿ, ಬಾಯಲ್ಲಿ ಸ್ವಲ್ಪ ಮರಳು ಮರಳು. ನುಣ್ಣಗಿದ್ದರೆ ಅದು ಬೇರೆ ಊರಿನ ಪೇಡಾ.

ಮನೆಯಲ್ಲಿ ಮಾಡಬಹುದೇ? ಮಾಡಬಹುದು, ತೋಳು ಗಟ್ಟಿಯಿದ್ದರೆ. ಅರ್ಧ ಕಿಲೋ ಸಿಹಿಯಿಲ್ಲದ ಖೋವಾವನ್ನು ದಪ್ಪ ತಳದ ಬಾಣಲೆಯಲ್ಲಿ ಸಣ್ಣ ಉರಿಗಿಟ್ಟು, ಎರಡು ಚಮಚ ತುಪ್ಪ ಹಾಕಿ, ಕೈ ಬಿಡದೆ ಕೆದಕಿ. ಒಣಗಿದಂತಾದಾಗ ಒಂದೊಂದು ಚಮಚ ಹಾಲು ಚಿಮುಕಿಸಿ. ಅರ್ಧ ಗಂಟೆಗೂ ಹೆಚ್ಚು ಹಿಡಿಯುತ್ತದೆ, ಬಣ್ಣ ಬೆಲ್ಲದಂತಾಗಬೇಕು. ಸಕ್ಕರೆ ಮೊದಲೇ ಹಾಕಿದರೆ ಪಾಕವಾಗಿ ಅಂಟಿ, ಆರಿದ ಮೇಲೆ ಕಲ್ಲಾಗುತ್ತದೆ. ಒಲೆಯಿಂದ ಇಳಿಸಿ, ಉಗುರುಬೆಚ್ಚಗಾದ ಮೇಲೆ ಮುಕ್ಕಾಲು ಲೋಟ ಸಕ್ಕರೆಪುಡಿ, ಏಲಕ್ಕಿ ಸೇರಿಸಿ ಬೆರಳುದ್ದ ಒತ್ತಿ, ಮತ್ತೆ ಸಕ್ಕರೆಪುಡಿಯಲ್ಲಿ ಹೊರಳಿಸಿ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಮಾಡಿದರೂ ಲೈನ್ ಬಜಾರಿನ ರುಚಿಗೆ ಎರಡಾಣೆ ಕಮ್ಮಿಯೇ.

ಹಾಗಾಗಿ ಒಂದು ಕಿಲೋ ಕಟ್ಟಿಸಿಕೊಳ್ಳಿ. ಕಾರಿನಲ್ಲಿ ಡಬ್ಬಿಯನ್ನು ಹಿಂದಿನ ಗಾಜಿನ ಬಿಸಿಲಿಗೆ ಇಡಬೇಡಿ, ಕರಗಿದ ತುಪ್ಪಕ್ಕೆ ಸಕ್ಕರೆಪುಡಿ ನೆಂದು ಎಲ್ಲ ಒಂದೇ ಗಡ್ಡೆಯಾಗುತ್ತದೆ. ಸೀಟಿನ ಕೆಳಗಿಡಿ, ಬ್ಯಾಡಗಿ ಮೆಣಸಿನಕಾಯಿ ಚೀಲದಿಂದ ಮಾತ್ರ ದೂರ. ಖೋವಾ ಘಾಟನ್ನು ಬಲುಬೇಗ ಹೀರುತ್ತದೆ.